ನೀರಿನ ಮಾತ್ರೆ, ಮರದ ಬಿಲ್ಲೆ

೧೪ನೇ ತಾರೀಕು, ಭಾನುವಾರ ಮಧ್ಯಾಹ್ನ

ಮೋಟುಜಡೆಗೆ,

ಈ ಜಾಗದಲ್ಲಿ ಅಕ್ಕನಾದವಳು ಆಶೀರ್ವಾದ ಬರೆಯಬೇಕು. ಬರೆದಿದ್ದೇನೆ ಅಂದುಕೊಂಡು ಮುಂದೆ ಓದು.

ಮೊನ್ನೆ ನಿನ್ನ ನೋಟಿಸ್ ಬಂತು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಮೂರು ಬೀದಿ. ಅಂಗಿ ಕಾರ್ಖಾನೆಯಲ್ಲಿ ನಿನ್ನ ಮೇಜಿಗೂ ನನ್ನ ಮಿಷಿನ್ನಿಗೂ ಇರುವುದು ಹದಿನೈದು ಅಡಿ. ಆದರೂ ಅಂಚೆಯವನು ಎರಡು ಮಹಡಿ ಹತ್ತಿ ಬಂದು ನನ್ನಿಂದ ಸಹಿ ಹಾಕಿಸಿಕೊಂಡು ಹೋದ. ಕೆಲಸದ ವೇಳೆಯಲ್ಲಿ ನಿದ್ರಿಸಿ ಒಂದು ಕಾಲರ್ ಹಾಳುಮಾಡಿದ್ದಕ್ಕೆ ಏಳು ದಿನದೊಳಗೆ ಲಿಖಿತ ಕಾರಣ ಕೊಡತಕ್ಕದ್ದು, ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು. ನನ್ನ ತಂಗಿ ನನಗೆ ಬರೆದ ಮೊದಲ ಕಾಗದ ಇದು. ಸಹಿ ಚೆನ್ನಾಗಿದೆ. ಕೊನೆಯ ಅಕ್ಷರಕ್ಕೆ ಬಾಲ ಎಳೆಯುವುದನ್ನು ನೀನಿನ್ನೂ ಬಿಟ್ಟಿಲ್ಲ.

ಸೂಪರ್‌ವೈಸರ್ ಮೇಡಂ ಅವರಿಗೆ ಕೊಡುವ ಉತ್ತರ ಬೇರೆ ಹಾಳೆಯಲ್ಲಿದೆ, ನಾಲ್ಕೇ ಸಾಲು. ಇದು ತಂಗಿಯಾದ ನಿನಗೆ.

ನನಗೆ ಬಿಪಿ ಅಂತ ಹೇಳಿದ್ದೆನಲ್ಲ, ಅದು ಸುಳ್ಳು. ನನಗಿರುವುದು ಹೃದಯದ ಕಾಯಿಲೆ. ಒಂದೂವರೆ ವರ್ಷವಾಯಿತು. ಗುಂಡಿಗೆ ಬಲ ಕಳೆದುಕೊಂಡಿದೆ, ರಕ್ತವನ್ನು ಸರಿಯಾಗಿ ದೂಡುವುದಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತದೆ. ಡಾಕ್ಟರಮ್ಮ ಮೊದಲ ದಿನ ನನ್ನ ಎದೆಗೆ ಕೊಳವೆ ಇಡುವ ಮೊದಲೇ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಅಂತ ಕೇಳಿದರು. ಇದೆಂಥ ಪ್ರಶ್ನೆ ಅನ್ನಿಸಿತು. ಮೂರು ಅಂದೆ. ಮುಂಚೆ ಎಷ್ಟಿತ್ತು ಅಂದರು. ಒಂದು ಅಂದೆ. ಆಮೇಲೆ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಕುಳಿ ಬಿತ್ತು, ಬಹಳ ಹೊತ್ತು ಹಾಗೆಯೇ ಇತ್ತು.

ಆಗ ನನಗೆ ಅಮ್ಮ ನೆನಪಾದಳು. ಕೊನೆಯ ವರ್ಷ ಅವಳು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳಲ್ಲ. ನಾವು ತಡವಾಗಿ ಬರುವುದನ್ನು ಹಿಡಿಯಲು ಕಾದು ಕೂತಿದ್ದಾಳೆ ಅಂತ ಸಿಟ್ಟು ಮಾಡಿಕೊಳ್ಳುತ್ತಿದ್ದೆವು. ಅವಳಿಗೆ ಪೊಲೀಸಮ್ಮ ಅಂತ ಹೆಸರಿಟ್ಟವಳು ನೀನು, ನಕ್ಕವಳು ನಾನು. ಅವಳಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಅಷ್ಟೇ. ಐವತ್ತೊಂದಕ್ಕೆ ಹೋದಳು. ನನಗೀಗ ಐವತ್ತು.

ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ನಮ್ಮ ಹೊಲಿಗೆ ಲೈನಿನಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಅಕ್ಕನ ಎದೆಗೆ ಆಪರೇಷನ್ ಆದಾಗ, ಕೆಲಸಕ್ಕೆ ತಕ್ಕವರ ಪಟ್ಟಿಯಿಂದ ಅವಳ ಹೆಸರನ್ನು ಹೊಡೆದವಳು ನೀನು. ಕಂಪನಿ ಧರ್ಮಛತ್ರ ಅಲ್ಲ ಅಂದೆಯಂತೆ. ನನ್ನ ಔಷಧಿ ಬರುವುದೇ ಈ ಕೆಲಸದ ಆರೋಗ್ಯ ಕಾರ್ಡಿನಿಂದ. ಕಾಯಿಲೆ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಔಷಧಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಬಾಯಿ ಮುಚ್ಚಿಕೊಂಡು ಕಾಲರ್ ಹೊಲಿದೆ.

ಸುಸ್ತು ಅಂದರೆ ಏನೆಂದು ನಿನಗೆ ಗೊತ್ತಿಲ್ಲ. ದುಡಿದು ದಣಿಯುವುದಲ್ಲ ಅದು, ಅದನ್ನು ನಾನು ಮೂವತ್ತು ವರ್ಷ ಅನುಭವಿಸಿದ್ದೇನೆ. ಇದು ಏಳುವಾಗಲೇ ಜೊತೆಗೆ ಏಳುತ್ತದೆ. ಸ್ನಾನ ಮಾಡಿದರೆ ಸೀರೆ ಉಡುವ ಮೊದಲು ಕೂರಬೇಕು. ತಲೆ ಬಾಚಲು ಕೈ ಎತ್ತಿದರೆ ಅರ್ಧಕ್ಕೇ ಇಳಿಸಬೇಕು. ಮೊದಲ ಮಹಡಿಯ ತಿರುವಿನಲ್ಲಿ ನಿಂತು ಚೀಲದಲ್ಲಿ ಬೀಗದ ಕೈ ಹುಡುಕುವ ನಾಟಕ ಮಾಡುತ್ತೇನೆ. ಕೆಳಗಿನ ಮನೆಯ ಟೀಚರಮ್ಮ ನನಗೆ ಮರೆವು ಹೆಚ್ಚಾಗಿದೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಮರೆವಿನವಳನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಇನ್ನು ಬಿಲ್ಲೆಯ ವಿಷಯ.

ನೀರು ಇಳಿಸಲು ಒಂದು ಮಾತ್ರೆ ಇದೆ. ಬೆಳಿಗ್ಗೆ ತೆಗೆದುಕೊಂಡರೆ ಮಧ್ಯಾಹ್ನದವರೆಗೆ ಅರ್ಧ ಗಂಟೆಗೊಮ್ಮೆ ಪಾಯಿಖಾನೆಗೆ ಎದ್ದು ಹೋಗಬೇಕು. ನೀನು ಸೂಪರ್‌ವೈಸರ್ ಆದ ಮೊದಲ ವಾರವೇ ನಿನ್ನ ಮೇಜಿನ ಪಕ್ಕದ ಮೊಳೆಗೆ ಮರದ ಬಿಲ್ಲೆ ತೂಗುಹಾಕಿದೆ. ಮೂವತ್ತು ಹೆಂಗಸರಿಗೆ ಒಂದು ಬಿಲ್ಲೆ. ಅದು ಕೈಯಲ್ಲಿಲ್ಲದೆ ಯಾರೂ ಬಾಗಿಲು ದಾಟುವಂತಿಲ್ಲ, ಒಬ್ಬರಿಗೆ ದಿನಕ್ಕೆ ಎರಡೇ ಸಲ. ನಾನು ಒಂದು ದಿನ ಮೂರನೇ ಸಲ ಬಂದು ಕೈ ಚಾಚಿದೆ. ನೀನು ತಲೆ ಎತ್ತದೆ, ಇಡೀ ಲೈನಿಗೆ ಕೇಳುವ ಹಾಗೆ ಹೇಳಿದ ಮಾತು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

"ಮನೇಲೇ ಎಲ್ಲಾ ಮುಗಿಸ್ಕೊಂಡು ಬರೋಕೆ ಆಗಲ್ವಾ? ಅಕ್ಕ ಅಂತ ನಿನಗೆ ಬಿಟ್ರೆ ನಾಳೆ ಎಲ್ರೂ ನನ್ನ ಅಕ್ಕಂದಿರೇ ಆಗ್ತಾರೆ."

ಮೂವತ್ತೂ ಜನ ನಕ್ಕರು. ಜೋಕು ಚೆನ್ನಾಗಿತ್ತು, ನಾನೂ ನಕ್ಕೆ. ವಾಪಸ್ ಬಂದು ಹತ್ತೊಂಬತ್ತನೇ ಮಿಷಿನ್ನಿನ ಮುಂದೆ ತೊಡೆ ಬಿಗಿಹಿಡಿದು ಕೂತೆ. ನಿನಗೆ ಹತ್ತೊಂಬತ್ತು ವರ್ಷ ಇದ್ದಾಗ ಇದೇ ಮಿಷಿನ್ನಿನಲ್ಲಿ ನಾನು ನಿನಗೆ ಕೆಲಸ ಕಲಿಸಿದ್ದು. ನಿನ್ನ ಕಾಲರಿನ ಎರಡು ಮೂಲೆ ಒಂದು ದಿನವಾದರೂ ಸರಿಸಮ ಬಂದಿರಲಿಲ್ಲ. ಎಲ್ಲರೂ ಹೋದ ಮೇಲೆ ನಿನ್ನ ಬಂಡಲ್ ಬಿಚ್ಚಿ, ಮತ್ತೆ ಹೊಲಿದು, ನಿನ್ನ ಚೀಟಿ ಅಂಟಿಸಿ ಇಡುತ್ತಿದ್ದೆ. ನೀನು ಕೆಲಸದಲ್ಲಿ ಉಳಿದದ್ದು ಹಾಗೆ. ಹತ್ತಿದ ಏಣಿ ಒದೆಯುವವರ ಬಗ್ಗೆ ಕೇಳಿದ್ದೆ. ಏಣಿಗೆ ದಿನಕ್ಕೆ ಎರಡು ಸಲ ಅಂತ ಲೆಕ್ಕ ಇಡುವವರನ್ನು ಈಗ ನೋಡಿದೆ.

ಅವತ್ತಿನಿಂದ ಮಾತ್ರೆಯನ್ನು ಕೆಲಸ ಮುಗಿಸಿ ಬಂದ ಮೇಲೆ ತೆಗೆದುಕೊಳ್ಳತೊಡಗಿದೆ. ಹಗಲು ಎಬ್ಬಿಸುತ್ತಿದ್ದದ್ದು ಈಗ ರಾತ್ರಿ ಎಬ್ಬಿಸತೊಡಗಿತು. ನಮ್ಮ ಮಹಡಿಯ ಪಾಯಿಖಾನೆ ಮನೆಗಳ ನಡುವಿನ ಓಣಿಯ ಆಚೆ ತುದಿಯಲ್ಲಿದೆ, ಹೋಗಿ ಬಂದರೆ ಏದುಸಿರು. ಅದು ಇಳಿದು ಕಣ್ಣು ಹತ್ತುವ ಹೊತ್ತಿಗೆ ಮತ್ತೆ ಏಳು. ನನಗೆ ನಿದ್ದೆಯೇ ಬರುತ್ತಿಲ್ಲ ಅಂತ ಡಾಕ್ಟರಮ್ಮನಿಗೆ ಹೇಳಿದೆ. ಮಾತ್ರೆ ಬೆಳಿಗ್ಗೆ ತಾನೇ ತಗೊಳ್ಳೋದು ಅಂತ ಕೇಳಿದರು. ಹೌದು ಅಂದೆ. ತಂಗಿಗೆ ಹೆದರಿ ರಾತ್ರಿ ತಗೋತೀನಿ ಅಂತ ಹೇಗೆ ಹೇಳಲಿ? ಉಸಿರು ಕಟ್ಟಿ ಎಚ್ಚರಾಗುತ್ತಿದೆ ಅಂದುಕೊಂಡು ಅವರು ಒಂದು ಮಾತ್ರೆಯನ್ನು ಎರಡು ಮಾಡಿದರು. ನಾಲ್ಕು ಸಲ ಏಳುತ್ತಿದ್ದವಳು ಎಂಟು ಸಲ ಏಳತೊಡಗಿದೆ. ಇಂಥ ತಪ್ಪನ್ನು ಬೇರೆ ಯಾವ ರೋಗಿಯೂ ಮಾಡಿರಲಿಕ್ಕಿಲ್ಲ. ಡಾಕ್ಟರ್ ಹತ್ತಿರ ಸುಳ್ಳು, ತಂಗಿ ಹತ್ತಿರ ಸುಳ್ಳು, ಎರಡಕ್ಕೂ ಕೂಲಿ ಕೊಟ್ಟಿದ್ದು ನನ್ನ ಮೈ.

ಹೋದ ಮಂಗಳವಾರ ಮಿಷಿನ್ನಿನ ಮೇಲೆಯೇ ತಲೆ ವಾಲಿತು. ಕಾಲು ಪೆಡಲ್ ಮೇಲೆ ಇತ್ತು. ಹೊಲಿಗೆ ಕಾಲರ್ ದಾಟಿ ನನ್ನ ಕುಪ್ಪಸದ ತೋಳಿಗೂ ಹೋಯಿತು. ನನ್ನನ್ನೇ ಕಂಪನಿಯ ಅಂಗಿಗೆ ಸೇರಿಸಿ ಹೊಲಿದುಕೊಂಡಿದ್ದೆ. ನೀನು ಬಂದು ಭುಜ ತಟ್ಟಿದೆ, ಕತ್ತರಿಯಿಂದ ದಾರ ಬಿಡಿಸಿದೆ. ಆಮೇಲೆ ಲೈನಿನ ಕಡೆ ತಿರುಗಿ, ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಅಂದೆ. ಈ ಸಲ ಯಾರೂ ನಗಲಿಲ್ಲ, ಗಮನಿಸಿದೆಯಾ? ಸೂಜಿ ಒಂದು ಬೆರಳಗಲ ಈಚೆ ಬಂದಿದ್ದರೆ ಏನಾಗುತ್ತಿತ್ತು ಅಂತ ಅವರೆಲ್ಲರಿಗೂ ಗೊತ್ತು. ನಿನಗೂ ಗೊತ್ತು. ನೀನು ಕಾಲರ್ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದೆ.

ನೋಟಿಸ್ ಬಂದ ದಿನವೇ ಡಾಕ್ಟರಮ್ಮನ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇಷ್ಟು ದಿನ ನಾನು ನಿಮ್ಮ ಕಾರ್ಖಾನೆಗೆ ಔಷಧಿ ಕೊಡ್ತಾ ಇದ್ದೆ, ನಿಮಗಲ್ಲ" ಅಂದರು. ಮಾತ್ರೆಯನ್ನು ಮತ್ತೆ ಒಂದಕ್ಕೆ ಇಳಿಸಿದರು, ಬೆಳಿಗ್ಗೆಯೇ ತೆಗೆದುಕೊಳ್ಳಬೇಕು ಅಂದರು. ಕಾಯಿಲೆಯ ಹೆಸರು ಬರೆದು, ಕೂತು ಮಾಡುವ ಕೆಲಸ ಮಾಡಬಹುದು, ಬೇಕಾದಾಗ ಎದ್ದು ಹೋಗಲು ಬಿಡತಕ್ಕದ್ದು ಅಂತ ಸರ್ಟಿಫಿಕೇಟ್ ಕೊಟ್ಟರು.

ಅದನ್ನು ನನ್ನ ಉತ್ತರಕ್ಕೆ ಲಗತ್ತಿಸಿದ್ದೇನೆ. ಇನ್ನೊಂದು ಪ್ರತಿ ನೇರವಾಗಿ ಮ್ಯಾನೇಜರಿಗೆ ಹೋಗುತ್ತದೆ. ಅದರಲ್ಲಿ ಬಿಲ್ಲೆಯ ವಿಷಯವೂ ಇದೆ. ನಿನ್ನ ಹೆಸರಿಲ್ಲ, ನಿನ್ನ ಹುದ್ದೆ ಇದೆ. ಅವರು ನನ್ನನ್ನು ತೆಗೆಯಬಹುದು, ಗುಂಡಿ ಹಾಕುತ್ತಿದ್ದ ಅಕ್ಕನ ಹಾಗೆ. ಹೆದರಿಕೆ ಇದೆ. ಮಾತ್ರೆಯ ಡಬ್ಬಿಯಲ್ಲಿ ಇನ್ನು ಎಷ್ಟಿವೆ ಅಂತ ಇವತ್ತು ಎರಡು ಸಲ ನೋಡಿದೆ. ಆದರೂ ನಾಳೆ ಬೆಳಿಗ್ಗೆ ಮಾತ್ರೆ ನುಂಗಿಯೇ ಬರುತ್ತೇನೆ. ಬಿಲ್ಲೆ ಕೇಳುವುದಿಲ್ಲ. ಎದ್ದು ಹೋಗುತ್ತೇನೆ, ಬಂದು ಕೂತು ಹೊಲಿಯುತ್ತೇನೆ. ತಡೆಯಬೇಕು ಅನ್ನಿಸಿದರೆ ಬಾಗಿಲಲ್ಲಿ ಬಂದು ನಿಲ್ಲು, ಎಲ್ಲರೂ ನೋಡಲಿ.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ಬರೆಯಲು ಕೈ ಬರುತ್ತಿಲ್ಲ. ಸುಳ್ಳು ಸಾಕಾಗಿದೆ.

ಇಂತಿ,
ಹತ್ತೊಂಬತ್ತನೇ ಮಿಷಿನ್ನಿನವಳು,
ಹುಟ್ಟಿನಿಂದ ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಮಂಗಳವಾರ ನೀನು ತಟ್ಟಿ ಎಬ್ಬಿಸಿದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನಿನ್ನ ಪಾದ. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಸಂಜೆ ನೀನು ಚಪ್ಪಲಿ ಬದಲಿಸುವಾಗ ನೋಡಿದೆ, ಪಟ್ಟಿ ಒತ್ತಿದ ಕುಳಿ ಹಾಗೇ ಇತ್ತು. ಇದು ನನಗೆ ಕಾಣಿಸತೊಡಗಿ ಎರಡು ತಿಂಗಳಾಯಿತು. ಕಾರ್ಖಾನೆಯ ಮೆಟ್ಟಿಲ ತಿರುವಿನಲ್ಲಿ ನೀನು ನಿಂತು ಫೋನ್ ನೋಡುವ ನಾಟಕವೂ ನನಗೆ ಗೊತ್ತು. ಬೇಕೆಂದೇ ಹೇಳಲಿಲ್ಲ. ಮೊದಲು ನೀನು ನನ್ನನ್ನು ಹೇಗಿದ್ದೀಯ ಅಂತ ಕೇಳಲಿ ಅಂತ ಹಟ ಹಿಡಿದಿದ್ದೆ. ನಿನ್ನ ಬಿಲ್ಲೆಗಿಂತ ಕೆಟ್ಟ ಕೆಲಸ ಅದು. ನಿಂತು ನಿಂತು ಊದಿರಬಹುದು, ಬೇರೇನೂ ಇರಲಿಕ್ಕಿಲ್ಲ. ಆದರೂ ಡಾಕ್ಟರಮ್ಮನ ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ಈಗ ನೀನು ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀಯ, ನಿಜ ಹೇಳು.