ಐದು ನಿಮಿಷದ ದೀಪ

9 ಜೂನ್ 2025, ಸೋಮವಾರ
ತೂಕ, ಹಾಲು, ಇಂಜೆಕ್ಷನ್. ಆಮೇಲೆ ಡಾಕ್ಟರ್ ಶ್ರೀವತ್ಸರ ಉಪನ್ಯಾಸ. ಸೋಂಕು ತಗುಲಿದ ಹಸುಗೂಸುಗಳ ಮಿದುಳು ಕಾಪಾಡಲು ಬೆಳಕಿನ ಚಿಕಿತ್ಸೆಯಂತೆ. ಬೆಂಕಿಪೊಟ್ಟಣದಷ್ಟು ದೀಪ. ಹಣೆಗೆ ಹಿಡಿಯಬೇಕು — ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಬೆಳಕು ಕಣ್ಣಿಗೆ ಕಾಣುವುದೂ ಇಲ್ಲ! ಇಲಿಮರಿಗಳಲ್ಲಿ ಗುಣ ಕಂಡಿದೆಯಂತೆ. ಇಲಿಮರಿಗಳಿಗೆ ಅಭಿನಂದನೆ. ಕಾಣುವ ಬೆಳಕಿನ ಟಾರ್ಚುಗಳನ್ನೇ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಗುಡ್ಡೆ ಹಾಕಿ ಮಾರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈ ಹಸುಗೂಸುಗಳ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ, ನಿನ್ನೆ ಮೊನ್ನೆ ಎಂ.ಡಿ. ಮುಗಿಸಿದವರ ಪಾಠ.

11 ಜೂನ್
ದೀಪದ ಪ್ರಯೋಗಕ್ಕೆ ಮೊದಲ ಮಗು ಸಿಕ್ಕಿತು. ಉದ್ದನಪಲ್ಲಿಯ ಭಾಗ್ಯಲಕ್ಷ್ಮಿಯ ಹೆಣ್ಣುಕೂಸು. ಎರಡು ದಿನದ್ದು, ರಕ್ತದಲ್ಲಿ ಸೋಂಕು. ಆ್ಯಂಟಿಬಯಾಟಿಕ್ ಹೇಗೂ ನಡೆದಿದೆ. ಒಪ್ಪಿಗೆ ಪತ್ರವನ್ನು ಡಾಕ್ಟರು ತಮಿಳಿನಲ್ಲಿ ಓದಿ ಹೇಳಿದರು. ತಲೆಯಾಡಿಸಿ ಸಹಿ ಹಾಕಿದಳು. ಅವರು ಹೋದ ಮೇಲೆ ನನ್ನನ್ನು ಹಿಡಿದುಕೊಂಡಳು.
"ಅಕ್ಕಾ, ಆ ದೀಪ ಇಕ್ಕುದ್ರೆ ಮಗೀಗೆ ಬುದ್ಧಿ ಸರ್ಯಾಗಿ ಬತ್ತೈತಾ?"
"ಡಾಕ್ಟರನ್ನೇ ಕೇಳಮ್ಮ."
"ಗೊತ್ತಿಲ್ಲ, ನೋಡಾನ ಅಂದ್ರು."
ಗೊತ್ತಿಲ್ಲ ಅನ್ನುವ ಡಾಕ್ಟರನ್ನು ಇದೇ ಮೊದಲು ನೋಡಿದ್ದು.

13 ಜೂನ್, ಸಂಜೆ 6
ಹನ್ನೊಂದು ಮಕ್ಕಳು, ಇಬ್ಬರು ನರ್ಸ್. ದೀಪ ಹಿಡಿದು ನಿಲ್ಲಲು ಪುರುಸೊತ್ತೆಲ್ಲಿ? ನಿನ್ನೆ ಸಂಜೆ ಹಿಡಿಯಲಿಲ್ಲ. ಇವತ್ತು ಎರಡು ಹೊತ್ತೂ ಇಲ್ಲ. ಚಾರ್ಟಿನಲ್ಲಿ ಟಿಕ್ ಹಾಕಿ ಸಹಿ ಮಾಡಿದೆ. ಕಾಣದ ಬೆಳಕು — ಹಿಡಿದರೇನು, ಬಿಟ್ಟರೇನು.
ಭಾಗ್ಯಲಕ್ಷ್ಮಿ ಗಾಜಿನಾಚೆಯಿಂದ ನೋಡುತ್ತಿದ್ದಳು. ನೋಡಲಿ.

18 ಜೂನ್
ಭಾನುವಾರ ಮಗುವಿಗೆ ಫಿಟ್ಸ್. ಮೂರು ಸಲ. ಇವತ್ತು ನಿಂತಿದೆ. ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗಕ್ಕೆ ಪೆಟ್ಟು ಕಾಣುತ್ತದೆ. ಬದುಕುತ್ತಾಳೆ. ನಡೆಯುತ್ತಾಳೋ, ಮಾತಾಡುತ್ತಾಳೋ, ಈಗಲೇ ಹೇಳುವಂತಿಲ್ಲ.
ಡಾಕ್ಟರು ಚಾರ್ಟ್ ತಿರುವಿದರು. "ಒಂದು ಹೊತ್ತೂ ತಪ್ಪಿಸಿಲ್ಲ ನೀವು, ವನಿತಾ ಸಿಸ್ಟರ್. ಆದ್ರೂ ಹೀಗಾಯ್ತು. ಈ ಮಗೂಗೆ ದೀಪದಿಂದ ಉಪಯೋಗ ಆಗ್ಲಿಲ್ಲ ಅಂತಲೇ ಬರೀಬೇಕು."
ನನ್ನನ್ನು ನಂಬಿದ್ದಾರೆ. ಮೂರ್ಖ.
ಹೊರಗೆ ಭಾಗ್ಯಲಕ್ಷ್ಮಿ. "ಅವತ್ತು ನೀವು ದೀಪ ಇಕ್ಕಲೇ ಇಲ್ಲ. ನೋಡ್ತಾನೇ ಇದ್ದೆ. ಯಾರ್ಗೂ ಹೇಳಿಲ್ಲ ಕಣಕ್ಕಾ. ಹೇಳುದ್ರೆ ಮಗೀನ ಸರ್ಯಾಗಿ ನೋಡ್ಕಳಲ್ವೇನೋ ಅಂತ ಭಯ."
ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

19 ಜೂನ್, ಬೆಳಿಗ್ಗೆ 7:30
ದೀಪ ಹಿಡಿದಿದ್ದರೆ ಪೆಟ್ಟು ತಪ್ಪುತ್ತಿತ್ತೇ? ಗೊತ್ತಿಲ್ಲ. ಗೊತ್ತಾಗುವ ದಾರಿ ಮುಚ್ಚಿದವಳು ನಾನು. ಇಪ್ಪತ್ತೆರಡು ವರ್ಷದ ಅನುಭವವಂತೆ — ಥೂ.
ಬೇಗ ಬಂದೆ. ಸುಳ್ಳು ಟಿಕ್‌ಗಳಿಗೆಲ್ಲ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ 'ಕೊಟ್ಟಿಲ್ಲ' ಎಂದು ಬರೆದು ಸಹಿ ಮಾಡಿದೆ. ಡಾಕ್ಟರ ಬೈಕ್ ಬಂತು. ಮೆಟ್ಟಿಲಲ್ಲಿ ಸದ್ದು. ಹೇಗೆ ಶುರು ಮಾಡಲಿ... ಸರ್, ಹನ್ನೆರಡನೇ ತಾರೀಕು ಸಂಜೆ ನಾನು —