ಹಾಡಿಗೆ ಮುಂಚಿನ ಉಸಿರು

ಅಮಗಸಾಕಿ,
ನವೆಂಬರ್ ೧೪

ಪ್ರೀತಿಯ ಶುನ್,

ಚೆನ್ನಾಗಿದ್ದೀಯಾ? ಊರಿಗೆಲ್ಲ ನೀನು ದೊಡ್ಡ ಗಾಯಕ ರೈಗೋ. ನನಗೆ ಮಾತ್ರ ನಿಲ್ದಾಣದ ಹಿಂದಿನ ಗೋದಾಮಿನಲ್ಲಿ ಮೈಕು ಹಿಡಿದು ಕಿರುಚುತ್ತಿದ್ದ ಶುನ್‌ಸಾಕುನೇ. ಬೇಸಿಗೆಯಲ್ಲಿ ನೀನು ಕಳಿಸಿದ ಶಾವಿಗೆ ಪೆಟ್ಟಿಗೆ ಬಂದು ನಾಲ್ಕು ತಿಂಗಳಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ, ತಪ್ಪು ನನ್ನದೇ. ಪುರುಸೊತ್ತು ಇರಲಿಲ್ಲವೆಂದಲ್ಲ, ಅನುಮಾನ. ಇಪ್ಪತ್ತೈದು ವರ್ಷದಲ್ಲಿ ಹೊಸವರ್ಷದ ಒಂದು ಕಾರ್ಡನ್ನೂ ಸರಿಯಾಗಿ ಹಾಕದವನು ಮರದ ಪೆಟ್ಟಿಗೆಯಲ್ಲಿ ಶಾವಿಗೆ ಕಳಿಸುತ್ತಾನೆಂದರೆ ಏನೋ ಇದೆ ಅಂದುಕೊಂಡೆ. ಪೆಟ್ಟಿಗೆಯನ್ನು ಇನ್ನೂ ತೆರೆದಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ಒಕೊನೊಮಿಯಾಕಿ ಅಂಗಡಿ ನಡೆಯುತ್ತಿದೆ, ಅದೇ ಕಾವಲಿ, ಅದೇ ಎಲೆಕೋಸಿನ ದಪ್ಪ ದೋಸೆ. ಎಲೆಕೋಸು ತರುವವನು ಕೊಳೆತದ್ದನ್ನು ನಡುವೆ ಸೇರಿಸುತ್ತಾನೆಂದು ಒಂದೊಂದನ್ನೂ ಮೂಸಿ ತೆಗೆದುಕೊಳ್ಳುತ್ತೇನೆ. “ಅಕ್ಕಾ, ನೀವು ಪೊಲೀಸಿಗೆ ಸೇರ್ಬೇಕಿತ್ತು” ಅಂತಾನೆ. ಕೊಹರು ವಿಷಯ ಕೇಳಬೇಡ. ಮಗಳು ಮನೆ ಬಿಟ್ಟು ಹೋಗಿ ಮೂರು ವರ್ಷವಾಯಿತು. ಟೋಕಿಯೋದಲ್ಲಿ ಪುಸ್ತಕದಂಗಡಿಯಲ್ಲಿ ಇದ್ದೇನೆ ಅಂತ ಒಂದು ಕಾರ್ಡು ಬಂದಿತ್ತು, ವಿಳಾಸವಿಲ್ಲದ್ದು.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್‌ನಿಂದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಬ್ಬಿಣದ ಕುದುರೆಯ ಅನಿಮೆ ಬರುತ್ತಿದೆಯಲ್ಲ, ಅದರ ಶುರುವಿನಲ್ಲಿ ಬರುವ ನಿನ್ನ ಹೊಸ ಹಾಡು. ಅಂಗಡಿಯ ಟೀವಿಯಲ್ಲಿ ಕೇಳಿದೆ. ತೋಫು ಕೊಡಲು ಬಂದಿದ್ದ ಒಕಾಬೆ ತಾತ ಬಕೆಟ್ಟು ಕೆಳಗಿಟ್ಟು, “ಅಬ್ಬಬ್ಬಾ, ಏನ್ ಗಂಟಲು ತಾಯಿ! ಐವತ್ತೆರಡು ವರ್ಷಕ್ಕೆ ಅಷ್ಟೆತ್ತರಕ್ಕೆ ಹತ್ತಿಬಿಟ್ಟ. ನನಗೆ ನಮ್ಮನೆ ಮೆಟ್ಟಿಲು ಹತ್ತೋಕೂ ಆಗಲ್ಲ” ಅಂತ ಚಪ್ಪಾಳೆ ತಟ್ಟಿದ. ನಾನು ತಟ್ಟಲಿಲ್ಲ.

ಆರು ವರ್ಷ ನಿನ್ನ ಬೆನ್ನ ಹಿಂದೆ ಕೂತು ಡ್ರಮ್ಸ್ ಬಾರಿಸಿದವಳು ನಾನು. ನಿನ್ನ ಮುಖ ನನಗೆ ಕಾಣುತ್ತಿರಲಿಲ್ಲ. ನೀನು ಉಸಿರೆಳೆದುಕೊಳ್ಳುವ ಸದ್ದು ಕೇಳಿಯೇ ಕೋಲು ಎತ್ತುತ್ತಿದ್ದೆ. ನಿನ್ನದು ಒರಟು ಉಸಿರು, ತುಕ್ಕು ಹಿಡಿದ ಬಾಗಿಲು ಎಳೆದ ಹಾಗೆ. ಈ ಹಾಡಿನ ಪಲ್ಲವಿಗೆ ಮುಂಚೆ ವಾದ್ಯಗಳೆಲ್ಲ ಒಂದು ಕ್ಷಣ ನಿಲ್ಲುತ್ತವೆ. ಅಲ್ಲಿ ಕೇಳಿಸುವ ಉಸಿರು ನಿನ್ನದಲ್ಲ. ಅಲ್ಲಿಂದ ಮುಂದೆ ಎತ್ತರದ ಸ್ವರವನ್ನು ಹೊತ್ತಿರುವುದೂ ನೀನಲ್ಲ. ಮೇಲೊಂದಿಷ್ಟು ನಿನ್ನ ದನಿ ಬಳಿದಿದ್ದಾರೆ, ಅಷ್ಟೇ.

ಅದಕ್ಕೇ ಫೋನ್ ಮಾಡಿದ್ದು. ಎರಡು ಸಲ ನಿನ್ನ ಮ್ಯಾನೇಜರ್ ಎತ್ತಿ, “ರೈಗೋ ಅವರ ಗಂಟಲಿಗೆ ರೆಸ್ಟ್ ಮೇಡಂ, ಮಾತಾಡ್ಬೇಡಿ ಅಂದಿದಾರೆ ಡಾಕ್ಟ್ರು” ಅಂದ. ಮಾತಾಡಲಾಗದ ಗಂಟಲು ಹಾಗೆ ಹಾಡುತ್ತದೆಯೇ? ಮೂರನೇ ಸಲಕ್ಕೆ ನೀನೇ ಸಿಕ್ಕೆ. “ನಿನಗೆ ರಾಗ ಕಲಿಸೋಕೆ ಅಂತ ಮೊದಲು ಮಾದರಿ ಹಾಡು ಹಾಡಿಟ್ಟಿದ್ದು ಯಾರು?” ಅಂತ ಕೇಳಿದೆ. “ಯಾವುದೋ ಹುಡುಗಿ ಕಣೇ. ನಾನು ನೋಡೂ ಇಲ್ಲ, ಹೆಸರೂ ಗೊತ್ತಿಲ್ಲ. ಪಾಪ, ಜಾಸ್ತಿ ಮಾತಾಡಲ್ಲ” ಅಂದೆ ನೀನು. ನೋಡದೇ ಇರುವವಳಿಗೆ ಮಾತು ಕಡಿಮೆ ಅಂತ ನಿನಗೆ ಹೇಗೆ ಗೊತ್ತಾಯಿತು, ಮಾರಾಯ? ಫೋನಿಟ್ಟವಳು ಶಾವಿಗೆ ಪೆಟ್ಟಿಗೆಯನ್ನೇ ನೋಡುತ್ತ ಕೂತುಬಿಟ್ಟೆ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ಟೋಕಿಯೋಗೆ ಹೋದ ಹೊಸದರಲ್ಲಿ ಎರಡು ವರ್ಷ ನೀನೂ ಇಂಥ ಮಾದರಿ ಹಾಡುಗಳನ್ನೇ ಹಾಡಿಕೊಂಡಿದ್ದೆ. ಒಂದು ದಿನ ಫೋನಿನಲ್ಲಿ ಅತ್ತುಬಿಟ್ಟೆ ನೀನು. “ತಮಾಯೆ, ರೇಡಿಯೋದಲ್ಲಿ ನನ್ನ ದನಿ ಬರ್ತಿದೆ ಕಣೇ, ಹೆಸರು ಮಾತ್ರ ಇನ್ನೊಬ್ಬಂದು” ಅಂದಿದ್ದೆ. ಆ ದೊಡ್ಡ ಗಾಯಕನಿಗೆ ನಾನು ಹಿಡಿಶಾಪ ಹಾಕಿದ್ದೆ. ಆಮೇಲೆ ಆ ರೋಬೋಟ್ ಅನಿಮೆಯ ಶುರುವಿನ ಹಾಡು ನಿನಗೆ ಸಿಕ್ಕಿತು, ನಿನ್ನ ಅದೃಷ್ಟ ಖುಲಾಯಿಸಿತು. ಒಂದೂವರೆ ನಿಮಿಷದ ಹಾಡುಗಳಿಂದಲೇ ಬೆಳೆದೆ. ಬ್ರೆಜಿಲ್ಲಿನಲ್ಲಿ, ಫ್ರಾನ್ಸಿನಲ್ಲಿ ಜಪಾನಿ ಬಾರದ ಮಕ್ಕಳು ಒಂದಕ್ಷರ ಬಿಡದೆ ನಿನ್ನ ಜೊತೆ ಹಾಡಿದರು. ನನಗೆಷ್ಟು ಹೆಮ್ಮೆಯಿತ್ತು ಗೊತ್ತಾ! ನೀನು ಸಹಿ ಹಾಕಿಕೊಟ್ಟ ಫಲಕ ಎಣ್ಣೆಹೊಗೆಗೆ ಹಳದಿಯಾಗಿ ಈಗಲೂ ಗೋಡೆಯ ಮೇಲಿದೆ. ಈ ವಾರ ಎರಡು ಸಲ ಅದನ್ನು ಇಳಿಸಿದೆ, ಎರಡು ಸಲವೂ ಮತ್ತೆ ನೇತುಹಾಕಿದೆ.

ಗಂಟಲು ಹೋಗಿದ್ದರೆ ಹೋಗಲಿ ಬಿಡು. ನನ್ನ ಮಣಿಕಟ್ಟು ಹೋಗಿಲ್ಲವೇ? ಶ್ರುತಿ ಇಳಿಸಿ ಹಾಡು, ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ. ಆದರೆ ಇನ್ನೊಬ್ಬಳ ದನಿಯನ್ನು ನಿನ್ನ ಹೆಸರಿನ ಕೆಳಗೆ ಹೂತುಹಾಕಬೇಡ. ಜನವರಿಯಲ್ಲಿ ಡಿಸ್ಕ್ ಬರುತ್ತದಂತೆ. ಅದರ ಮೇಲೆ ಅವಳ ಹೆಸರು ಹಾಕಿಸು. ಹಾಕಿಸದಿದ್ದರೆ ನಾನೇನೂ ಊರಿಗೆಲ್ಲ ಸಾರುವುದಿಲ್ಲ. ನಿನ್ನ ಜೊತೆ ಮಾತು ಬಿಡುತ್ತೇನೆ.

ಚಳಿ ಬಂತು, ಕುತ್ತಿಗೆಗೆ ಬಟ್ಟೆ ಸುತ್ತಿಕೋ. ಜೇನಿನಲ್ಲಿ ಮೂಲಂಗಿ ನೆನೆಸಿ ಆ ರಸ ಕುಡಿ. ಸಿಗರೇಟು ಬಿಟ್ಟಿದ್ದೀಯ ಅನ್ನುವುದನ್ನೂ ನಾನು ನಂಬಿಲ್ಲ. ಎಲ್ಲಿದ್ದರೂ ನೂರು ವರ್ಷ ಸುಖವಾಗಿರು, ಕಳ್ಳ.

ನಿನ್ನ ಹಳೆಯ ಡ್ರಮ್ಮರ್,
ತಮಾಯೆ

ಮತ್ತೊಂದು ಮಾತು: ಆ ಹುಡುಗಿಯ ಹೆಸರು ಗೊತ್ತಿಲ್ಲ ಅಂದೆಯಲ್ಲ, ನನಗೆ ಗೊತ್ತು. ಆ ಉಸಿರಿನ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆಯಿದೆ. ಚಿಕ್ಕಂದಿನ ಉಬ್ಬಸ ಬಿಟ್ಟುಹೋದದ್ದು. ಎಂಟು ವರ್ಷ ಅವಳನ್ನು ಎದೆಗೆ ಒರಗಿಸಿಕೊಂಡು ಆ ಉಸಿರು ಎಣಿಸಿದ್ದೇನೆ, ಶುನ್. “ಅಮ್ಮಾ, ಟೋಕಿಯೋಗೆ ಹೋಗಿ ಹಾಡ್ತೀನಿ” ಅಂದಾಗ, “ಸಿಳ್ಳೆ ಹೊಡೆಯೋ ಆ ಗಂಟಲಿನ ಮುಂದೆ ಯಾರೇ ಮೈಕ್ ಇಡ್ತಾರೆ? ತೆಪ್ಪಗೆ ಎಲೆಕೋಸು ಹೆಚ್ಚು” ಅಂದವಳೂ ನಾನೇ. ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಅವಳ ಬೂಟು ಇರಲಿಲ್ಲ.

ಅಮ್ಮನಿಗೆ ಹೇಳಬೇಡಿ ಅಂತ ಕೊಹರುನೇ ನಿನ್ನ ಹತ್ತಿರ ಮಾತು ತೆಗೆದುಕೊಂಡಿದ್ದರೆ, ಅದನ್ನು ಉಳಿಸಿಕೋ. ಈ ಪತ್ರವನ್ನೂ ಅವಳಿಗೆ ತೋರಿಸಬೇಡ. ಡಿಸ್ಕಿಗೆ ಹಾಡನ್ನು ಚೊಕ್ಕ ಮಾಡುವಾಗ ಉಸಿರಿನ ಸದ್ದನ್ನೆಲ್ಲ ಕತ್ತರಿಸುತ್ತಾರಲ್ಲ, ಆ ಒಂದು ಉಸಿರನ್ನು ಮಾತ್ರ ಕತ್ತರಿಸಲು ಬಿಡಬೇಡ. ಪ್ರತಿ ಭಾನುವಾರ ಒಂಬತ್ತಕ್ಕೆ ಕಾವಲಿಯ ಉರಿ ಆರಿಸಿ, ಫ್ಯಾನು ನಿಲ್ಲಿಸಿ, ಟೀವಿಯ ಮುಂದೆ ಕೂರುತ್ತೇನೆ. ಆ ವಿಳಾಸವಿಲ್ಲದ ಕಾರ್ಡು ಬಿಟ್ಟರೆ ಮೂರು ವರ್ಷದಲ್ಲಿ ಅವಳಿಂದ ನನಗೆ ಬಂದಿರುವುದು ಅದೊಂದೇ.