ಸುಯೆನ್ ಅಕ್ಕ ಹೊಡೆದ ಸೀತಾಫಲ

ಮೇ 12, ಭಾನುವಾರ, ಬೆಳಗ್ಗೆ

ಬಸಳೆ ಎರಡು ಹಿಡಿ. ಬೆಂಡೆ ಏಳು. ಅಕ್ಕಿ ತೊಳೆದ ನೀರು ಮೆಣಸಿನ ಗಿಡಕ್ಕೆ ಹೋಯಿತು. ಮಾರ್ಕೆಟ್ಟಿನ ಮೀನಿನವಳು ಮತ್ತೆ ಎರಡು ಥರ್ಮಾಕೋಲ್ ಪೆಟ್ಟಿಗೆ ಬಿಸಾಡಿದ್ದಳು, ಸ್ಕೂಟರ್ ಹಿಂದೆ ಕಟ್ಟಿಕೊಂಡು ಬಂದೆ. ಈಗ ಗಿಡ ಬೆಳೆಸುವ ಪೆಟ್ಟಿಗೆ ಮೂವತ್ತೊಂದು. ತಾರಸಿಯಲ್ಲಿ ಕಾಲಿಡಲು ಜಾಗ ಇಲ್ಲ, ಆದರೂ ಬಿಟ್ಟು ಬರಲು ಮನಸ್ಸು ಬರಲಿಲ್ಲ.

ಅದೇ ದಿನ, ಸಂಜೆ

ಗ್ರಹಚಾರ. ವರ್ಷದ ಮೊದಲ ಮಳೆ ಒಂದು ಗಂಟೆ ಸುರಿಯಿತು. ತಾರಸಿಯ ಕೆಳಗೇ ಗತಿಸಿದ ಹಿರಿಯರನ್ನು ಪೂಜಿಸುವ ಪೀಠದ ಕೋಣೆ. ಸೀಲಿಂಗ್ ತೊಟ್ಟಿಕ್ಕಿ ಮಾವನ ಫೋಟೋ ಮೇಲೆ ನೀರು. ಸರಿಯಾಗಿ ಬಲಗಣ್ಣಿನ ಮೇಲೆ.

ಸುಯೆನ್ ಅಕ್ಕ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಿದರು.

"ಅಪ್ಪ ಅಳ್ತಿದ್ದಾರೆ ನೋಡು, ಗಾಮ್. ಸತ್ತ ಮೇಲೂ ನಿನ್ನ ಕಸದ ಡಬ್ಬಿಗಳ ನೀರು ಕುಡೀಬೇಕಾ ಅವರು?"

ಮನೆ ಅಕ್ಕನ ಹೆಸರಲ್ಲಿದೆ. ನನ್ನ ಗಂಡ ಖೋಯಿ ಅಕ್ಕನ ತಮ್ಮ. ನಮಗಿರುವುದು ಒಂದು ಕೋಣೆ, ಒಂದು ಹೊಲಿಗೆ ಮಷೀನು, ಮತ್ತೆ ಈ ತಾರಸಿ. ಅದನ್ನೂ ಕಿತ್ತುಕೊಳ್ಳುತ್ತಾರಂತೆ. ತಗಡು ಹೊದಿಸಿ ಕೋಣೆ ಎಬ್ಬಿಸಿ ಬಾಡಿಗೆಗೆ ಕೊಡುತ್ತಾರಂತೆ.

ಖೋಯಿ ಅಪರೂಪಕ್ಕೆ ಬಾಯಿ ಬಿಟ್ಟ. "ಅಕ್ಕ, ಇವಳು ಸೊಪ್ಪು ಕೊಂಡು ಮೂರು ವರ್ಷ ಆಯ್ತು. ನೀನು ತಿನ್ನೋದೂ ಅಲ್ಲೀದೇ."

"ಸೊಪ್ಪು ನನ್ನ ಬೆಕ್ಕೂ ಬೆಳೆಯುತ್ತೆ. ಆ ಸೀತಾಫಲ ಏನು ಮಾಡಿದೆ? ಮೂರು ವರ್ಷದಿಂದ ಡ್ರಮ್ಮಲ್ಲಿ ಮದುವೆ ಗಂಡಿನ ಹಾಗೆ ಕೂತಿದೆ. ಒಂದು ಕಾಯಿ ಬಿಟ್ಟಿದೆಯಾ?"

ಬಿಟ್ಟಿಲ್ಲ.

"ಆಯ್ತು. ಅಪ್ಪನ ತಿಥಿಗೆ ಆ ಮರದ ಒಂದೇ ಒಂದು ಹಣ್ಣು ಪೀಠದ ಮೇಲೆ ಇಡು. ಇಟ್ಟೆಯೋ, ತಾರಸಿ ನಿಂದು. ಇಲ್ವೋ, ತಗಡು."

ಮಾವನಿಗೆ ಆ ಹಣ್ಣೆಂದರೆ ಪ್ರಾಣವಂತೆ. ತಿಥಿ ಚಾಂದ್ರಮಾನದ ಹತ್ತನೇ ತಿಂಗಳ ಮೂರನೇ ದಿನ. ಕ್ಯಾಲೆಂಡರ್ ತಿರುವಿದೆ. ನವೆಂಬರ್ 3.

ಮೇ 15

ಓಣಿಯ ಕೊನೆಯಲ್ಲಿ ಹಳೇ ಮನೆ ಒಡೆಯುತ್ತಿದ್ದಾರೆ. ಕೇಳಿಕೊಂಡು ಇಟ್ಟಿಗೆ ಹೊತ್ತು ತಂದೆ. ಬಿರುಕಿಗೆಲ್ಲ ಸಿಮೆಂಟ್ ಹಾಲು ಹೊಯ್ದು, ಒಣಗಿದ ಮೇಲೆ ಮೂವತ್ತೊಂದು ಪೆಟ್ಟಿಗೆಯನ್ನೂ ಇಟ್ಟಿಗೆ ಮೇಲೇರಿಸಿದೆವು. ಖೋಯಿಯ ಸೊಂಟ ಹಿಡಿದಿದೆ. ನನ್ನದು ಎಲ್ಲಿದೆಯೋ ಗೊತ್ತೇ ಆಗುತ್ತಿಲ್ಲ.

ಮೇ 29

ಜೋರು ಮಳೆ. ಅಕ್ಕ ಪೀಠದ ಮುಂದೆ ಬಟ್ಟಲು ಹಿಡಿದು ಕುತ್ತಿಗೆ ಎತ್ತಿ ನಿಂತಿದ್ದರು. ಒಂದು ಹನಿ ಬೀಳಲಿಲ್ಲ. ಅವರಿಗೆ ಸ್ವಲ್ಪ ಬೇಜಾರೇ ಆದ ಹಾಗಿತ್ತು.

ಸೀತಾಫಲದಲ್ಲಿ ಮಾತ್ರ ಎಲೆ, ಎಲೆ, ಎಲೆ. ಮೊಗ್ಗಿನ ಸುಳಿವಿಲ್ಲ.

ಜೂನ್ 8, ಶನಿವಾರ

ಮೀನಿನ ಗೊಬ್ಬರ ಹದವಾಗಿತ್ತು. ಮೀನಿನ ತಲೆ, ಕರುಳು, ಅನಾನಸ್ ಸಿಪ್ಪೆ, ಬೆಲ್ಲದ ಪಾಕ. ಎರಡು ತಿಂಗಳು ಕೊಳೆತದ್ದು. ಜಾಡಿ ಪೂರ್ತಿ ಬಕೆಟ್ಟಿಗೆ ಸುರಿದು, ನೀರಲ್ಲಿ ಕಲಸಿ ಎಲ್ಲ ಪೆಟ್ಟಿಗೆಗೂ ಚೊಂಬು ಚೊಂಬು ಹಾಕಿದೆ. ಡ್ರಮ್ಮಿಗೆ ಬರುವಷ್ಟರಲ್ಲಿ ಬಕೆಟ್ಟಿನ ತಳ ಕಂಡಿತು. ಸೀತಾಫಲಕ್ಕೆ ಸಿಕ್ಕಿದ್ದು ಅರ್ಧ ಚೊಂಬು. ಈ ಸಲ ಬಿಡಲೇಬೇಕು.

ಜೂನ್ 9

ಸೋರೆಯ ಎಲೆ ಅಂಚು ಸುಟ್ಟಿದೆ. ಹಾಗಲ ಬಾಡಿದೆ. ಬಸಳೆ ನೋಡಲಾಗಲಿಲ್ಲ...

ಖೋಯಿ ಜಾಡಿಯ ಮುಚ್ಚಳ ತೆಗೆದು, ತಳದಲ್ಲಿ ಉಳಿದದ್ದಕ್ಕೆ ಬೆರಳದ್ದಿ ನೆಕ್ಕಿದ. ನಾನು ತಡೆಯುವಷ್ಟರಲ್ಲಿ ನೆಕ್ಕಿಯಾಗಿತ್ತು. ಮತ್ತೊಮ್ಮೆ ಅದ್ದಿ ನೆಕ್ಕಿದ.

"ಗಾಮ್, ಇದು ಚೆನ್ನಾಗಿದೆ."

"ಏನು ಚೆನ್ನಾಗಿದೆ?"

"ಇದು ಅಕ್ಕನ ಉಪ್ಪುಮೀನು ಕಣೆ."

ಊರಿಂದ ಬಂದ, ಉಪ್ಪಲ್ಲಿ ಕೊಳೆಸಿ ನೀರಾಗಿಸಿದ ಉಪ್ಪುಮೀನಿನ ಜಾಡಿಯನ್ನು ಅಕ್ಕ ಬಿಸಿಲಿಗೆ ಅಂತ ತಾರಸಿಯಲ್ಲಿಟ್ಟಿದ್ದರು. ಅದಕ್ಕೂ ಕೆಂಪು ಮುಚ್ಚಳ, ನನ್ನದಕ್ಕೂ ಕೆಂಪು ಮುಚ್ಚಳ. ವಾಸನೆ? ಎರಡರ ವಾಸನೆಯೂ ಅಣ್ಣತಮ್ಮಂದಿರು. ವರ್ಷವಿಡೀ ಸಾರಿಗೆ ಹಾಕುವ ಉಪ್ಪುಮೀನನ್ನು ಗಿಡಕ್ಕೆ ಹೊಯ್ದುಬಿಟ್ಟೆ.

ಉಪ್ಪು ಇಳಿಯಬೇಕೆಂದರೆ ನೀರು ಹೊಯ್ಯಬೇಕು. ಹೊಯ್ದರೆ ಮತ್ತೆ ಮಾವನ ತಲೆ ಮೇಲೆ. ಅತ್ತ ದರಿ, ಇತ್ತ ಪುಲಿ. ಒಂದೊಂದೇ ಪೆಟ್ಟಿಗೆಯನ್ನು ಮಳೆನೀರಿನ ಕೊಳವೆಯ ಬಾಯಿಗೆ ಎಳೆದುಕೊಂಡು ಹೋಗಿ ತೊಳೆದೆವು. ಡ್ರಮ್ಮಿಗೆ ಅಡಿಯಲ್ಲಿ ತೂತು ಕೊರೆದು, ಕೊಳವೆಯವರೆಗೆ ರಬ್ಬರ್ ಪೈಪ್ ಸಿಕ್ಕಿಸಿ ನೀರು ಬಿಟ್ಟೆವು. ಅಕ್ಕನಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳಬೇಕು. ನಾಳೆ ಚಾಂದ್ರಮಾನದ ಐದನೇ ತಿಂಗಳ ಐದನೇ ದಿನದ ಹಬ್ಬ ಬೇರೆ.

ಜೂನ್ 10, ಸೋಮವಾರ, ಮಧ್ಯಾಹ್ನ ಎರಡು

ಹೇಳುವ ಮೊದಲೇ ಅವರಿಗೆ ಗೊತ್ತಾಯಿತು. ಹಬ್ಬದ ಅಡುಗೆಗೆ ಬಟ್ಟಲು ಹಿಡಿದು ಹತ್ತಿದವರು ಖಾಲಿ ಜಾಡಿಯೊಳಗೆ ತಲೆ ಹಾಕಿದರು. ಗಿಡಕ್ಕೆ ಹೋಯಿತು ಅಂತ ಒಪ್ಪಿಕೊಂಡೆ.

ಆಗಲೇ ಗಂಟೆ ಹನ್ನೆರಡು. ಈ ಹಬ್ಬದಲ್ಲಿ ಕಾಯಿ ಬಿಡದ ಮರವನ್ನು ವಿಚಾರಿಸಿಕೊಳ್ಳುವ ಶಾಸ್ತ್ರದ ಹೊತ್ತು. ಒಬ್ಬರು ಮರ ಹತ್ತಿ ಮರದ ಪರವಾಗಿ ಮಾತಾಡಬೇಕು, ಇನ್ನೊಬ್ಬರು ಕೆಳಗಿಂದ ಹೊಡೆದು ಕೇಳಬೇಕು. ಎದೆಯೆತ್ತರದ ಗಿಡವನ್ನು ಹತ್ತುವುದೆಲ್ಲಿ?

"ಡ್ರಮ್ ಹಿಂದೆ ಕೂತ್ಕೋ," ಅಂದರು ಅಕ್ಕ. ಕೈಯಲ್ಲಿ ಬಟ್ಟೆ ಒಣಹಾಕುವ ಬಿದಿರುಗೋಲು. ಕೂತೆ.

ಫಟ್. "ಏ ಮರ, ಯಾಕೆ ಕಾಯಿ ಬಿಡಲ್ಲ?"

"ತಪ್ಪಾಯ್ತು ಅಕ್ಕ, ಈ ವರ್ಷ ಬಿಡ್ತೀನಿ."

ಫಟ್. "ಮೂರು ವರ್ಷ ಇದನ್ನೇ ಹೇಳಿದೀಯ. ಕಡಿದು ಹಾಕ್ಲಾ?"

"ಬೇಡಿ ಅಕ್ಕ, ಬಿಡ್ತೀನಿ, ನಿಜವಾಗ್ಲೂ."

ಶಾಸ್ತ್ರಕ್ಕೆ ಮೂರು ಏಟು ಸಾಕು. ಅಕ್ಕ ನಿಲ್ಲಿಸಲಿಲ್ಲ.

"ಇದು ಕಾಯಿಗೆ. ಇದು ನನ್ನ ಉಪ್ಪುಮೀನಿಗೆ. ಇದೂ ಉಪ್ಪುಮೀನಿಗೆ. ಎಷ್ಟು ಕುಡಿದೆ ಹೇಳು."

"ಅರ್ಧ ಚೊಂಬು, ಅಕ್ಕ."

"ರುಚಿ ಹೇಗಿತ್ತು?"

"ಸ್ವಲ್ಪ ಉಪ್ಪು ಜಾಸ್ತಿ..."

ನಕ್ಕೆ. ನಗಬಾರದಿತ್ತು. ಮತ್ತೆ ಹತ್ತು ಏಟು ಬಿತ್ತು. ಅಕ್ಕ ಏದುಸಿರು ಬಿಡುತ್ತಾ ಕೋಲು ಬಿಸಾಡಿ ಇಳಿದು ಹೋದ ಮೇಲೆ ಎದ್ದು ನೋಡಿದೆ. ಮರದ ಮೇಲೆ ಒಂದು ಎಲೆ ಇಲ್ಲ. ಕಡ್ಡಿ ಮಾತ್ರ ನಿಂತಿದೆ. ಕೂತು ಅತ್ತೆ. ನನ್ನ ಮರ ಹೋಯಿತು, ತಾರಸಿಯೂ ಹೋದ ಹಾಗೇ.

ಜುಲೈ 2

ಬರೆಯಲು ಏನೂ ಇರಲಿಲ್ಲ. ಕಾಲರ್ ಹೊಲಿದೆ, ಮಲಗಿದೆ.

ಇವತ್ತು ಇದೆ. ಕಡ್ಡಿಗಳಲ್ಲಿ ಎಳೇ ಚಿಗುರು. ಚಿಗುರಿನ ಬುಡದಲ್ಲಿ ಹಸಿರು ಮೊಗ್ಗು. ಐದು. ಮೂರು ಸಲ ಎಣಿಸಿದೆ, ಐದೇ. ಪಕ್ಕದ ತಾರಸಿಯ ಚಿನ್ ತಾತನನ್ನು ಕೂಗಿ ಕರೆದೆ. ಅವರು ಸೀತಾಫಲದ ನಾಡಿನವರು, ತಾಯ್ ನಿನ್ ಕಡೆಯವರು.

"ನಮ್ಮ ತೋಟದಲ್ಲಿ ಎಲೆ ಎಲ್ಲಾ ನಾವೇ ಕಿತ್ತು ಹಾಕ್ತೀವಮ್ಮ. ಎಲೆ ಹೋದ್ರೇನೇ ಹೂವು. ಇಷ್ಟು ಚೊಕ್ಕಟವಾಗಿ ಕಿತ್ತೋರು ಯಾರು?"

"ಅಕ್ಕ. ಸಿಟ್ಟಲ್ಲಿ ಹೊಡೆದಿದ್ದು."

"ಒಳ್ಳೇ ಕೈ."

ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅನ್ನುತ್ತಾರೆ. ಆ ಮೂರನೆಯದು ಮರ. ನಾಚಿಕೆ ಬಿಟ್ಟು ಒಬ್ಬಳೇ ಕುಣಿದೆ. ಸೋರೆ, ಬಸಳೆಯೂ ಚೇತರಿಸಿಕೊಂಡಿವೆ.

ಜುಲೈ 20, ಶನಿವಾರ, ಬೆಳಗ್ಗೆ ಏಳೂವರೆ

ತಾತ ಹೇಳಿಕೊಟ್ಟ ಹಾಗೆ ಮಾಡಿದೆ. ನಿನ್ನೆ ಸಂಜೆ ಪೂರ್ತಿ ಬಿರಿದ ಎರಡು ಹೂವಿನ ಪುಡಿಯನ್ನು ಬಾಟಲಿಯ ಮುಚ್ಚಳಕ್ಕೆ ಉದುರಿಸಿ ಇಟ್ಟಿದ್ದೆ. ಇವತ್ತು ಅರೆ ಬಿರಿದ ಮೂರಕ್ಕೆ ಕುಂಚದಲ್ಲಿ ಸವರಿದೆ. ಕುಂಚ — ಹುಬ್ಬು ತಿದ್ದಿಕೊಳ್ಳುವುದು. ಉಸಿರು ಬಿಡಲೂ ಭಯವಾಗುತ್ತಿತ್ತು.

ಜುಲೈ 31

ಎರಡು ಉದುರಿದವು. ಒಂದು ನಿಂತಿದೆ. ಬಟಾಣಿಯಷ್ಟು. ಒಂದು ಸಾಕು. ಅಕ್ಕ ಕೇಳಿದ್ದು ಒಂದೇ ತಾನೆ.

ಸೆಪ್ಟೆಂಬರ್ 9

ಕಾಯಿ ನಿಂಬೆಗಿಂತ ದೊಡ್ಡದಾಗಿದೆ. ಬಿಳಿ ಹಿಟ್ಟುತಿಗಣೆ ಮೆತ್ತಿಕೊಂಡಿತ್ತು. ಪಾತ್ರೆ ಸೋಪಿನ ನೀರಲ್ಲಿ ಒರೆಸಬೇಕೆಂದು ಬಟ್ಟೆ ಹಿಡಿದು ಹತ್ತಿದರೆ — ಸುಯೆನ್ ಅಕ್ಕ ಕುಕ್ಕರುಗಾಲಲ್ಲಿ ಕೂತು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಾಯಿಯ ಸಂದಿ ಸಂದಿ ಉಜ್ಜುತ್ತಿದ್ದಾರೆ. ನನ್ನನ್ನು ನೋಡಿ ಬ್ರಷ್ ಬೆನ್ನ ಹಿಂದೆ ಇಟ್ಟುಕೊಂಡರು.

"ಬಟ್ಟೆ ಒಣಗಿತಾ ನೋಡೋಣ ಅಂತ ಬಂದೆ."

"ಹೂಂ ಅಕ್ಕ. ಒಣಗಿತಾ?"

"ಮಾತು ಜಾಸ್ತಿಯಾಯ್ತು ನಿಂದು. ಇಲಿ ಬರುತ್ತೆ. ಬಲೆ ಕಟ್ಟು."

ಕಟ್ಟಿದೆ. ಇಳಿಯುವಾಗ ನಗು ತಡೆಯಲಾಗಲಿಲ್ಲ.

ಅಕ್ಟೋಬರ್ 30

ಕಾಯಿ ಇನ್ನೂ ಕಲ್ಲು. ಉಳಿದದ್ದು ನಾಲ್ಕು ದಿನ. ಸಿಪ್ಪೆಯ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಹಳದಿ ಮಿಶ್ರಿತ ಬಿಳುಪಿಗೆ ತಿರುಗಿದೆ. ಬಲಿತಿದೆ, ಕೊಯ್ಯಿ ಅಂದರು ತಾತ. ಕತ್ತರಿ ಹಿಡಿದು ಕೊಯ್ದೆ. ಬೇಗ ಕೊಯ್ದಿದ್ದರೆ ಕರ್ರಗೆ ಗಟ್ಟಿಯಾಗಿ ಕೂತುಬಿಡುತ್ತದೆ, ಹಣ್ಣಾಗುವುದಿಲ್ಲ. ಇನ್ನೊಂದೂ ಇಲ್ಲ.

ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.

ನವೆಂಬರ್ 1

ಇವತ್ತೂ ಗಟ್ಟಿ. ಅಕ್ಕ ಬೆಳಗಿನಿಂದ ಆರು ಸಲ ಅಕ್ಕಿ ಅಳೆಯಲು ಬಂದರು. ಮನೆಯಲ್ಲಿ ಇರುವವರು ಮೂವರು.

"ಒತ್ತಬೇಡಿ ಅಕ್ಕ, ಕಪ್ಪಾಗುತ್ತೆ."

"ನಾನೆಲ್ಲಿ ಒತ್ತಿದೆ? ಅಕ್ಕಿ ನೋಡಿದೆ."

ಊಟ ಸೇರುತ್ತಿಲ್ಲ. ತಗಡಿನವನಿಗೂ ತಿಥಿ ಊಟಕ್ಕೆ ಕರೆ ಹೋಗಿದೆ. ಅಕ್ಕನ ಸೋದರಮಾವನ ಮಗ ಅವನು. ಅಳತೆ ಟೇಪು ತರುತ್ತಾನಂತೆ.

ನವೆಂಬರ್ 3, ಭಾನುವಾರ, ಬೆಳಗ್ಗೆ ಐದೂವರೆ

ಮೆತ್ತಗಾಗಿದೆ. ಅಡುಗೆಮನೆಯೆಲ್ಲ ಘಮಘಮ.

ಅದೇ ದಿನ, ಮೂರು ಗಂಟೆ

ಪಾತ್ರೆ ಗುಡ್ಡೆ ಬಿದ್ದಿದೆ. ಮೊದಲು ಇದನ್ನು ಬರೆಯಬೇಕು.

ಸೋರೆಕಾಯಿ ಸಾರು, ಮಾಂಸ ತುಂಬಿದ ಹಾಗಲ, ಬೆಂಡೆ, ಬಸಳೆ — ತರಕಾರಿಯೆಲ್ಲ ತಾರಸಿಯದೇ. ಇಪ್ಪತ್ತಾರು ಜನ ಉಂಡರು. ಹಣ್ಣನ್ನು ಅಕ್ಕನೇ ಎರಡೂ ಕೈಯಲ್ಲಿ ಹಿಡಿದು ತಟ್ಟೆಯ ನಡುವೆ ಇಟ್ಟರು. ಊದುಬತ್ತಿ ಹಚ್ಚಿ ಮಾವನ ಫೋಟೋಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಅಪ್ಪ, ಅವತ್ತು ಮುಖದ ಮೇಲೆ ನೀರು ಬಿತ್ತಲ್ಲ, ಬೈಕೋಬೇಡಿ. ಹುಡುಗಿ ಒಳ್ಳೆಯವಳು. ಹಣ್ಣು ತಿನ್ನಿ."

ಕೈಯಲ್ಲಿ ಕರವಸ್ತ್ರ ಇರಲಿಲ್ಲ. ತೋಳಿಗೇ ಕಣ್ಣೊರೆಸಿಕೊಂಡೆ. ಗೆದ್ದೆ. ಈ ಮನೆಗೆ ಬಂದು ಹನ್ನೊಂದು ವರ್ಷಕ್ಕೆ ಗೆದ್ದೆ.

ಊದುಬತ್ತಿ ಆರಿದ ಮೇಲೆ ಹಣ್ಣು ಬಿಡಿಸಿದರು. ಹಿರಿಯರೆಲ್ಲ ಬಟ್ಟಲು ಚಾಚಿ ಕೂತಿದ್ದರು. ಮೊದಲ ತುಂಡು ನನ್ನ ಬಟ್ಟಲಿಗೆ ಬಿತ್ತು. ತಗಡಿನವನು ಟೇಪು ತೆಗೆದ. "ಅಕ್ಕ, ಮೇಲೆ ಹೋಗಿ ಅಳೆದು ಬರ್ಲಾ?"

"ಅಳಿ. ತಗಡಿಗಲ್ಲ, ಚಪ್ಪರಕ್ಕೆ. ಸೋರೆ ಹಬ್ಬೋಕೆ ಜಾಗ ಸಾಲ್ತಿಲ್ಲ."

ಈಗ ಅಕ್ಕ ಎಲ್ಲರನ್ನೂ ಮೇಲೆ ಕರೆದುಕೊಂಡು ಹೋಗಿದ್ದಾರೆ. ಮರಕ್ಕೆ ಏಟು ಹೇಗೆ ಹಾಕಬೇಕೆಂದು ಪಾಠ ನಡೆದಿದೆ. ಮೆಟ್ಟಿಲಿನವರೆಗೂ ಕೇಳಿಸುತ್ತಿದೆ, "ನಮ್ಮ ತೋಟ, ನಮ್ಮ ತೋಟ" ಅಂತ. ನನ್ನನ್ನೂ ಕೂಗುತ್ತಿದ್ದಾರೆ. ಬಂದೆ ಅಕ್ಕ. ನಮ್ಮ—